ಮಕ್ಕಳೇ ಹಾಡು ಕಟ್ಟಿದರೆ?

ಎಸ್ಸೆಸ್ಸೆಲ್ಸಿಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಛಂದಸ್ಸಿನದೊಂದು ಪ್ರಶ್ನೆ ಬಹುಕಾಲದಿಂದ ಇದ್ದೇ ಇದೆ. ಪದ್ಯದ ಸಾಲೊಂದನ್ನು ಕೊಟ್ಟು, ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಿರಿ ಎಂದು ಕೇಳುತ್ತಾರೆ. ಮಕ್ಕಳಿಗೆ ಈ ಪ್ರಶ್ನೆಯ ಮೇಲೆ ಒಂದು ಬಗೆಯ ಪ್ರೀತಿ. ಪ್ರಬಂಧದ ಹಾಗೆ ಇಲ್ಲಿ ಮೌಲ್ಯಮಾಪಕರ ಮರ್ಜಿ ಕಾಯಬೇಕಾಗಿಲ್ಲ; ಲಘು ಗುರು ಗುರುತಿಸಿ ಗೆರೆ ಎಳೆದರೆ ಅಂಕ ಕೈಗೆ ಬಂದ ಹಾಗೆ. ದೀರ್ಘವಿದ್ದರೆ ಗುರು, ಒತ್ತಕ್ಷರದ ಹಿಂದಿನದು ಗುರು, ಅನುಸ್ವಾರ ಬಂದರೆ ಗುರು. ಬೀಜಗಣಿತದ ಸೂತ್ರದಂತೆ ಇಷ್ಟನ್ನು ಬಾಯಿಪಾಠ ಮಾಡಿಕೊಂಡು, ಆ ಸಾಲನ್ನು ಒಮ್ಮೆಯೂ ಬಾಯಿಬಿಟ್ಟು ಓದದೆ, ಅದು ಕಿವಿಗೆ ಹೇಗೆ ಕೇಳಿಸುತ್ತದೆಂಬ ಅರಿವೂ ಇಲ್ಲದೆ 'ಭಾಮಿನಿ ಷಟ್ಪದಿ' ಎಂದು ಬರೆದು ಎದ್ದು ಬರುವ ಮಕ್ಕಳಿಗೇನೂ ಕಡಿಮೆ ಇಲ್ಲ.

ಇದೇ ಮಕ್ಕಳು ಮಧ್ಯಾಹ್ನದ ಬಿಡುವಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಮಾಡುವ ಕೆಲಸವನ್ನು ಗಮನಿಸಬೇಕು. ಯಾವುದೋ ಸಿನಿಮಾ ಹಾಡಿನ ಧಾಟಿಗೆ ಗಣಿತದ ಮೇಷ್ಟ್ರ ಹೆಸರು, ಅವರ ಬೆತ್ತ, ಅವರ ಕನ್ನಡಕ ಎಲ್ಲವನ್ನೂ ಸೇರಿಸಿ ಅಣಕವಾಡು ಕಟ್ಟಿರುತ್ತಾರೆ. ಮೇಷ್ಟ್ರ ಹೆಸರು ಧಾಟಿಗೆ ಉದ್ದವಾದರೆ ಅಡ್ಡಹೆಸರಿಟ್ಟು ಗಿಡ್ಡ ಮಾಡಿರುತ್ತಾರೆ. ಎಲ್ಲಿಯೂ ತಾಳ ತಪ್ಪುವುದಿಲ್ಲ, ಪ್ರಾಸ ಕೆಡುವುದಿಲ್ಲ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಛಂದಸ್ಸಿನ ಪಾಠದಲ್ಲಿ ಕಿವಿ ಮುಚ್ಚಿಕೊಳ್ಳುವ ಮಗು ಅಣಕವಾಡಿನಲ್ಲಿ ಕಿವಿ ತೆರೆಯುತ್ತದೆ. ಸಿಕ್ಕಿಬಿದ್ದರೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆಯೂ ಉಂಟು!

ಒಂದೇ ವಿದ್ಯೆಯ ಈ ಎರಡು ತುದಿಗಳನ್ನು ಗಂಟು ಹಾಕಬಾರದೇಕೆ? ಮಕ್ಕಳಿಗೆ ಹಾಡು ಹೇಳುವುದನ್ನಷ್ಟೇ ಕಲಿಸುವ ಶಾಲೆ ಹಾಡು ಕಟ್ಟುವುದನ್ನೂ ಕಲಿಸಬಾರದೇಕೆ?

ಕಟ್ಟುವ ವಿದ್ಯೆ

ಕನ್ನಡದಲ್ಲಿ ಹಾಡನ್ನು 'ಕಟ್ಟುತ್ತಾರೆ'. ಮನೆ ಕಟ್ಟುವಂತೆ, ಮಾಲೆ ಕಟ್ಟುವಂತೆ, ಬುತ್ತಿ ಕಟ್ಟುವಂತೆ ಹಾಡನ್ನೂ ಕಟ್ಟುವುದು. ಇದು ಕೈಕೆಲಸದ ಮಾತು. ಕವಿಗೆ ಮಾತ್ರ ಒಲಿಯುವ ದೈವದ ವರ ಎಂಬ ಭಾವನೆ ಈ ಮಾತಿನಲ್ಲಿ ಇಲ್ಲ. ಹಾಗೆ ನೋಡಿದರೆ ನಾಡಿನಲ್ಲಿ ಹಾಡು ಕಟ್ಟಿದವರಲ್ಲಿ ಹೆಚ್ಚಿನವರು ಅಕ್ಷರ ಅರಿಯದವರೇ. ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮುಂತಾದವರು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕವಾಗಿ ಬಂದಾಗ ಓದಿದವರು ಬೆರಗಾದರು. ಬೀಸುವ ಕಲ್ಲಿನ ಮುಂದೆ ಕೂತು ತವರಿನ ನೆನಪು, ಅತ್ತೆಯ ಕಾಟ, ಕಂದನ ಆಟ ಎಲ್ಲವನ್ನೂ ಮೂರು ಸಾಲಿನಲ್ಲಿ ಹಿಡಿದಿಟ್ಟ ಆ ತಾಯಂದಿರಿಗೆ ಗಣ, ಪ್ರಸ್ತಾರಗಳ ಹೆಸರು ತಿಳಿದಿರಲಿಲ್ಲ. ಕಲ್ಲು ತಿರುಗುವ ಗತಿಯೇ ಅವರ ಛಂದಶ್ಶಾಸ್ತ್ರ. ಉತ್ತರ ಕರ್ನಾಟಕದ ಗೀಗೀ ಪದಗಳ ಕಲ್ಗಿ-ತುರಾಯಿ ಮೇಳಗಳಲ್ಲಂತೂ ಒಂದು ಮೇಳ ಹಾಡಿನಲ್ಲಿ ಸವಾಲು ಎಸೆದರೆ ಇನ್ನೊಂದು ಹಾಡಿನಲ್ಲೇ ಜವಾಬು ಕೊಡಬೇಕು.

ಶಾಸ್ತ್ರದ ಕಡೆ ತಿರುಗಿದರೂ ಕಥೆ ಅಷ್ಟೇನೂ ಒಣದಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ಒಂದನೆಯ ನಾಗವರ್ಮ ಬರೆದ 'ಛಂದೋಂಬುಧಿ' ಕನ್ನಡದ ಛಂದಸ್ಸಿನ ಹಳೆಯ ಗ್ರಂಥ. ಅದನ್ನು ಆತ ತನ್ನ ಹೆಂಡತಿಗೆ ಹೇಳಿಕೊಡುವ ಧಾಟಿಯಲ್ಲಿ, ಅವಳನ್ನು ಕರೆದು ಮಾತನಾಡಿಸುತ್ತ ಬರೆದಿದ್ದಾನೆ. ಛಂದಸ್ಸೆಂದರೆ ಮನೆಯೊಳಗೆ ಎದುರೆದುರು ಕೂತು ಹೇಳಿಕೊಡುವ ವಿದ್ಯೆ ಎಂದು ಆತನಿಗಾದರೂ ತಿಳಿದಿತ್ತು.

ಮಕ್ಕಳ ಹಾಡುಗಳ ಚರಿತ್ರೆಯಲ್ಲಿ ಮೇಷ್ಟ್ರುಗಳ ಪಾಲು ದೊಡ್ಡದು. ಪಂಜೆ ಮಂಗೇಶರಾಯರು ಉಪಾಧ್ಯಾಯರಾಗಿ, ಶಾಲಾ ಇನ್ಸ್‌ಪೆಕ್ಟರಾಗಿ ಊರೂರು ಸುತ್ತಿದವರು. 'ಕವಿಶಿಷ್ಯ' ಎಂಬ ಹೆಸರಿನಲ್ಲಿ ಬರೆದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಜಿ.ಪಿ. ರಾಜರತ್ನಂ ಪುಟ್ಟ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ನಿಂತಾಗ, ಪುಸ್ತಕದಲ್ಲಿದ್ದ ಪದ್ಯಗಳು ಮಕ್ಕಳ ನಾಲಿಗೆಗೆ ಒಗ್ಗದ್ದನ್ನು ಕಂಡು ತಾವೇ ಬರೆಯಲು ಕೂತರು. 'ತುತ್ತೂರಿ', 'ಕಡಲೆಪುರಿ' ಹುಟ್ಟಿದ್ದು ಹಾಗೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 'ನಲಿ-ಕಲಿ' ಶುರುವಾದಾಗಲೂ ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರು ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಹಾಡು, ಆಟ, ಕಾರ್ಡುಗಳ ಮೂಲಕ ಕಲಿಸುವ ಕ್ರಮವನ್ನು ರೂಪಿಸಿಕೊಂಡರು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹಬ್ಬಿತು.

ಇಷ್ಟೆಲ್ಲ ಇದ್ದೂ ಒಂದು ಕೊರತೆ ಉಳಿದೇ ಬಂದಿದೆ. ಹಾಡು ಕಟ್ಟುವವರು ಯಾವಾಗಲೂ ದೊಡ್ಡವರು; ಮಕ್ಕಳು ಹಾಡುವವರು ಮಾತ್ರ. ಮೂರನೇ ತರಗತಿ ದಾಟಿದ ಮೇಲೆ ಆ ಹಾಡೂ ತೆಳ್ಳಗಾಗುತ್ತದೆ. ಬಳಿಕ ಹಾಡು ನೆನಪಾಗುವುದು ಪ್ರತಿಭಾ ಕಾರಂಜಿ ಬಂದಾಗ, ಶಾಲಾ ವಾರ್ಷಿಕೋತ್ಸವ ಹತ್ತಿರವಾದಾಗ. ಕಾರಂಜಿಯಲ್ಲಿ ಜಾನಪದ ಗೀತೆಗೆ ಬಹುಮಾನ ಉಂಟು, ಆದರೆ ಅದು ಬೇರೆ ಯಾರೋ ಎಂದೋ ಕಟ್ಟಿದ್ದನ್ನು ಚೆನ್ನಾಗಿ ಒಪ್ಪಿಸಿದ್ದಕ್ಕೆ. ವಾರ್ಷಿಕೋತ್ಸವದಲ್ಲಿ ಅದೂ ಬೇಡ. ಸ್ಪೀಕರಿನಲ್ಲಿ ಸಿನಿಮಾ ಹಾಡು ಮೊಳಗಿದರೆ ಮಕ್ಕಳು ಕೈಕಾಲು ಆಡಿಸಿದರಾಯಿತು.

ಕೆಂಪು ಬಸ್ಸಿನ ಹಾಡು

ಹಾಡು ಕಟ್ಟುವುದನ್ನು ತರಗತಿಯಲ್ಲಿ ಕಲಿಸುವುದು ಹೇಗೆ? ಒಂದು ಉದಾಹರಣೆ ನೋಡೋಣ. ಹಳ್ಳಿಯ ಶಾಲೆಯೊಂದರ ಏಳನೇ ತರಗತಿಯನ್ನು ಊಹಿಸಿಕೊಳ್ಳಿ. ಕನ್ನಡದ ಮೇಷ್ಟ್ರು, "ಇವತ್ತು ಬೆಳಿಗ್ಗೆ ಶಾಲೆಗೆ ಬರುವಾಗ ಏನು ನೋಡಿದಿರಿ?" ಎಂದು ಕೇಳುತ್ತಾರೆ. ತಾಯಿ, ನಾಡು, ಪ್ರಕೃತಿ ಎಂಬ ದೊಡ್ಡ ವಿಷಯಗಳನ್ನು ಕೊಟ್ಟರೆ ಮಕ್ಕಳು ಪುಸ್ತಕದಲ್ಲಿ ಓದಿದ್ದನ್ನೇ ಒಪ್ಪಿಸುತ್ತಾರೆಂದು ಅವರಿಗೆ ಗೊತ್ತು. ಒಬ್ಬ ಹುಡುಗ ಎದ್ದು, "ಬಸ್ಸು ನಿಲ್ಲಿಸ್ಲಿಲ್ಲ ಸಾರ್, ಕೈ ತೋರಿಸಿದ್ರೂ ಹಂಗೇ ಹೊಂಟೋದ" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ, ಯಾಕೆಂದರೆ ಎಲ್ಲರಿಗೂ ಆದ ಅನುಭವ. ಹಾಡಿಗೆ ವಸ್ತು ಸಿಕ್ಕಿತು.

ಮೊದಲು ತಾಳ. ಡೆಸ್ಕಿನ ಮೇಲೆ ಒಂದು ಗಟ್ಟಿ ಪೆಟ್ಟು, ಒಂದು ಮೆಲ್ಲಗಿನ ಪೆಟ್ಟು, 'ತಾ-ನ, ತಾ-ನ'. 'ತಾ' ಎರಡು ಮಾತ್ರೆ, 'ನ' ಒಂದು, ಒಟ್ಟು ಮೂರು. ಇದಕ್ಕೆ ಹೊಂದುವ ಮಾತು ಯಾವುದು? ಬಸ್ಸು ಎಂಬುದೇ ಹೊಂದುತ್ತದೆ. ಕೆಂಪು, ಬಂತು, ನೋಡು ಎಲ್ಲವೂ ಹೊಂದುತ್ತವೆ. 'ಕೆಂಪು ಬಸ್ಸು ಬಂತು ನೋಡು' ಎಂದು ಒಂದು ಸಾಲು ತಾನಾಗಿ ಬಂದು ನಿಲ್ಲುತ್ತದೆ. ಹನ್ನೆರಡು ಮಾತ್ರೆ.

ಎರಡನೆಯ ಸಾಲಿಗೆ ಒಬ್ಬಳು 'ತುಂಬಾ ಧೂಳು ಎಬ್ಬಿಸಿಕೊಂಡು' ಎನ್ನುತ್ತಾಳೆ. ಡೆಸ್ಕು ಬಡಿಯುತ್ತ ಹೇಳಿದರೆ ಮೊದಲ ಮಾತಿನಲ್ಲೇ ಎಡವುತ್ತದೆ. 'ತುಂಬಾ' ನಾಲ್ಕು ಮಾತ್ರೆ. ತೆಗೆದುಹಾಕಿ ಎಂದು ಹಿಂದಿನ ಬೆಂಚಿನಿಂದ ಸಲಹೆ ಬರುತ್ತದೆ. ತೆಗೆದು ನೋಡಿದರೆ ಅರ್ಥಕ್ಕೇನೂ ನಷ್ಟವಿಲ್ಲ. ಬಸ್ಸು ಎಬ್ಬಿಸುವ ಧೂಳು ತುಂಬಾ ಇರುವುದೇ ಸರಿ. ಪ್ರಬಂಧದಲ್ಲಿ 'ತುಂಬಾ' ಎಂಬ ಮಾತನ್ನು ಹತ್ತು ಸಲ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರೂ ಕಲಿಯದ ಪಾಠವನ್ನು ಡೆಸ್ಕು ಒಂದೇ ಪೆಟ್ಟಿಗೆ ಕಲಿಸಿತು. ಇನ್ನಷ್ಟು ಎಳೆದಾಡಿದ ಮೇಲೆ 'ಧೂಳನೆಬ್ಬಿಸುತ್ತ' ಎಂದಾಗುತ್ತದೆ. ಒಂಬತ್ತು ಮಾತ್ರೆ, ಕೊನೆಯಲ್ಲಿ ಉಸಿರು ತೆಗೆದುಕೊಳ್ಳಲು ಜಾಗ.

ಮೂರನೆಯದು 'ನಾನು ಕೈ ಎತ್ತಿ ಕರೆದೆ'. ಇದೂ ಎಡವುತ್ತದೆ. ಪದಗಳನ್ನು ಹಿಂದುಮುಂದು ಮಾಡಿ, ಕೂಡಿಸಿ, 'ಕೈಯನೆತ್ತಿ ಕರೆದೆ ನಾನು' ಎಂದರೆ ಸರಿಹೋಯಿತು. ಧೂಳನು ಎಬ್ಬಿಸುತ್ತ, ಧೂಳನೆಬ್ಬಿಸುತ್ತ. ಕೈಯನು ಎತ್ತಿ, ಕೈಯನೆತ್ತಿ. ವ್ಯಾಕರಣದ ಪುಸ್ತಕದಲ್ಲಿ ಲೋಪಸಂಧಿ ಎಂದು ಓದಿ ಮರೆತದ್ದು ಇದೇ ಅಲ್ಲವೇ? ಮಾತ್ರೆ ಉಳಿಸಲು ತಾವೇ ಮಾಡಿಕೊಂಡ ಸಂಧಿಯನ್ನು ಮಕ್ಕಳು ಬೇಗ ಮರೆಯುವುದಿಲ್ಲ.

ನಾಲ್ಕನೆಯ ಸಾಲಿನಲ್ಲಿ ತಮಾಷೆ. 'ಎಬ್ಬಿಸುತ್ತ' ಎಂಬುದಕ್ಕೆ ಪ್ರಾಸವಾಗಿ 'ಅತ್ತ' ಸಿಕ್ಕಿದೆ. 'ಡ್ರೈವರ್ ಕಣ್ಣು ಅತ್ತ' ಎಂದರೆ 'ಡ್ರೈವರ್' ನಾಲ್ಕು ಮಾತ್ರೆಯಾಗಿ ಸಾಲು ಕುಂಟುತ್ತದೆ. ಅಷ್ಟರಲ್ಲಿ ಯಾರೋ ತಾವು ಮನೆಯಲ್ಲಿ ಆಡುವ ಹಾಗೆ 'ಡ್ರೈವ್ರ' ಎನ್ನುತ್ತಾರೆ. ಮೂರೇ ಮಾತ್ರೆ! ಪುಸ್ತಕದ ಮಾತು ಕೈಕೊಟ್ಟಲ್ಲಿ ಬಾಯಿಮಾತು ಕೈಹಿಡಿಯಿತು.

ಕೆಂಪು ಬಸ್ಸು ಬಂತು ನೋಡು
ಧೂಳನೆಬ್ಬಿಸುತ್ತ
ಕೈಯನೆತ್ತಿ ಕರೆದೆ ನಾನು
ಡ್ರೈವ್ರ ಕಣ್ಣು ಅತ್ತ

ಇದು ಮಹಾಕಾವ್ಯವಲ್ಲ. ಆದರೆ ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಮೂವತ್ತು ಮಕ್ಕಳು ಕೂಡಿ ಕಟ್ಟಿದ ಈ ನಾಲ್ಕು ಸಾಲಿನಲ್ಲಿ ಲಘು-ಗುರು ಇದೆ, ಸಂಧಿ ಇದೆ, ಪ್ರಾಸ ಇದೆ, ಬೇಡದ ಮಾತನ್ನು ಕೈಬಿಡುವ ವಿವೇಕ ಇದೆ. ಊರಿನ ಬಸ್ಸಿನ ಬಗ್ಗೆ ಒಂದು ದೂರೂ ಇದೆ.

ಕಿವಿ ತಿದ್ದಿದರೆ ಕೈ ತಿದ್ದೀತು

"ಇದರಿಂದ ಮಾರ್ಕ್ಸು ಬರುತ್ತದೆಯೇ?" ಎಂದು ಪಾಲಕರು ಕೇಳುವುದು ಸಹಜ. ಕೇಳುವುದರಲ್ಲಿ ತಪ್ಪೂ ಇಲ್ಲ. ಉತ್ತರವನ್ನು ಮಾತ್ರ ಎಚ್ಚರದಿಂದ ಹೇಳಬೇಕು.

ಕನ್ನಡ ಬರೆಯುವ ಮಕ್ಕಳು ಹೆಚ್ಚಾಗಿ ತಪ್ಪುವುದು ಹ್ರಸ್ವ-ದೀರ್ಘಗಳಲ್ಲಿ, ಒತ್ತಕ್ಷರಗಳಲ್ಲಿ. ಕರು-ಕಾರು, ಬಳೆ-ಬಾಳೆ, ಕತೆ-ಕತ್ತೆ. ಈ ಜೋಡಿಗಳನ್ನು ಬೇರೆ ಮಾಡುವುದು ಮಾತ್ರೆಯೇ. ಕತೆ ಎರಡು ಮಾತ್ರೆ, ಕತ್ತೆ ಮೂರು. ತಾಳ ಹಾಕಿ ಹಾಡು ಕಟ್ಟಿದ ಕಿವಿಗೆ ಈ ಅಂತರ ತಿಳಿಯುತ್ತದೆ. ಕಿವಿಗೆ ತಿಳಿದದ್ದನ್ನು ಕೈ ಇಂದಲ್ಲ ನಾಳೆ ಕಲಿಯುತ್ತದೆ. ಎಲ್ಲ ಕಾಗುಣಿತ ದೋಷಕ್ಕೂ ಇದೇ ಮದ್ದು ಎಂದುಕೊಳ್ಳಬಾರದು. ಹಳೇ ಮೈಸೂರಿನ ಕಡೆ 'ಹಾಡು' ಎಂಬುದನ್ನು 'ಆಡು' ಎಂದು ಬರೆಯುವ ಮಕ್ಕಳಿದ್ದಾರೆ. ಹಾಡೂ ಮೂರು ಮಾತ್ರೆ, ಆಡೂ ಮೂರು ಮಾತ್ರೆ. ಡೆಸ್ಕು ಅಲ್ಲಿ ಏನೂ ಹೇಳದು. ಅದಕ್ಕೆ ಬೇರೆಯೇ ಅಭ್ಯಾಸ ಬೇಕು.

ಪ್ರಾಸಕ್ಕೂ ಓದಿಗೂ ಇರುವ ನಂಟನ್ನು ಸಂಶೋಧಕರೂ ಕಂಡಿದ್ದಾರೆ. ಆಕ್ಸ್‌ಫರ್ಡಿನ ಲಿನೆಟ್ ಬ್ರಾಡ್ಲಿ ಮತ್ತು ಪೀಟರ್ ಬ್ರಯಂಟ್ 1983ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದದ್ದು. ನಾಲ್ಕೈದು ವರ್ಷದ ಸುಮಾರು 400 ಮಕ್ಕಳಿಗೆ ಕೆಲವು ಮಾತುಗಳನ್ನು ಹೇಳಿ, ಇವುಗಳಲ್ಲಿ ಧ್ವನಿ ಹೊಂದದ ಮಾತು ಯಾವುದೆಂದು ಕೇಳಿದರು. ಪ್ರಾಸ, ಅನುಪ್ರಾಸಗಳನ್ನು ಚೆನ್ನಾಗಿ ಗುರುತಿಸಿದ ಮಕ್ಕಳು ಕೆಲವು ವರ್ಷಗಳ ಬಳಿಕ ಓದು ಮತ್ತು ಕಾಗುಣಿತದಲ್ಲಿ ಮುಂದಿದ್ದರು. ಗಣಿತಕ್ಕೆ ಅಂಥ ಸಂಬಂಧ ಕಾಣಲಿಲ್ಲ. ಅದು ಇಂಗ್ಲಿಷ್ ಕಲಿಯುವ ಮಕ್ಕಳ ಅಧ್ಯಯನ, ಕನ್ನಡದ ಅಕ್ಷರಮಾಲೆಯ ರೀತಿಯೇ ಬೇರೆ ಎಂಬುದನ್ನು ಮರೆಯಬಾರದು. ಆದರೂ ಓದು ಕಣ್ಣಿನಿಂದಷ್ಟೇ ಅಲ್ಲ, ಕಿವಿಯಿಂದಲೂ ಶುರುವಾಗುತ್ತದೆ ಎನ್ನಲು ಅದು ಒಂದು ಸಾಕ್ಷಿ.

ಇಲ್ಲಿ ಒಂದು ಎಚ್ಚರಿಕೆ. ಸಂಗೀತದಿಂದ ಬುದ್ಧಿ ಬೆಳೆಯುತ್ತದೆ, ಗಣಿತ ಚುರುಕಾಗುತ್ತದೆ ಎಂಬ ಜಾಹೀರಾತುಗಳಿಗೆ ಕಿವಿಗೊಡುವ ಪಾಲಕರು 'ಮೊಜಾರ್ಟ್ ಪರಿಣಾಮ'ದ ಕಥೆ ತಿಳಿದಿರುವುದು ಒಳ್ಳೆಯದು. 1993ರಲ್ಲಿ ಅಮೆರಿಕದ ಸಂಶೋಧಕರು 36 ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟನ ಸಂಗೀತ ಕೇಳಿಸಿದಾಗ, ಒಂದು ಬಗೆಯ ಪರೀಕ್ಷೆಯಲ್ಲಿ ಅವರ ಅಂಕ ತುಸು ಏರಿತು. ಆ ಏರಿಕೆ ನಿಂತದ್ದು ಹತ್ತು ಹದಿನೈದು ನಿಮಿಷ. ಅದು ಬಾಯಿಂದ ಬಾಯಿಗೆ ಹಬ್ಬಿ, ಹಸುಗೂಸಿಗೆ ಮೊಜಾರ್ಟ್ ಕೇಳಿಸಿದರೆ ಮೇಧಾವಿಯಾಗುತ್ತದೆ ಎಂಬಲ್ಲಿಗೆ ಹೋಯಿತು. 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರು ತಮ್ಮ ರಾಜ್ಯದಲ್ಲಿ ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಲು 1,05,000 ಡಾಲರ್ ಬೇಕೆಂದು ಶಾಸನಸಭೆಯನ್ನು ಕೇಳಿದರು! ಹಾಡು ಕಟ್ಟುವುದಕ್ಕೆ ಇಂಥ ಸುಳ್ಳು ಬಿರುದುಗಳ ಅಗತ್ಯವಿಲ್ಲ.

ಅಂಕಪಟ್ಟಿಯಲ್ಲಿ ಕಾಣದ ಲಾಭಗಳೇ ಇಲ್ಲಿ ಹೆಚ್ಚು. ಓದಿನಲ್ಲಿ ಹಿಂದಿರುವ ಮಗು ತಾಳದಲ್ಲಿ ಮುಂದಿರಬಹುದು. ಓದಲು ನಿಲ್ಲಿಸಿದರೆ ಬೆವರುವ ಹುಡುಗನೇ 'ಈ ಮಾತು ಇಲ್ಲಿ ಕೂರಲ್ಲ' ಎಂದು ಎಲ್ಲರಿಗಿಂತ ಮೊದಲು ಹೇಳಿಯಾನು. ಅವನ ಮಾತನ್ನು ಮೊದಲ ಬೆಂಚಿನವರೂ ಕೇಳಬೇಕಾಗುತ್ತದೆ, ಯಾಕೆಂದರೆ ಡೆಸ್ಕು ಅವನ ಪರ ಇರುತ್ತದೆ. ಇನ್ನೊಂದು ಸಂಗತಿ, ಬರೆದದ್ದನ್ನು ತಿದ್ದುವ ಅಭ್ಯಾಸ. ನಮ್ಮ ಶಾಲೆಗಳಲ್ಲಿ ತಿದ್ದುವುದೆಂದರೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಮಾಡುವ ಕೆಲಸ. ಅದು ಸೋಲಿನ ಗುರುತು. ಹಾಡಿನಲ್ಲಿ ತಿದ್ದುವವರು ಮಕ್ಕಳೇ. ಸಾಲು ಕುಂಟಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ, ಇನ್ನೊಂದು ಮಾತು ಹುಡುಕಿದರಾಯಿತು.

ಮನೆಯಲ್ಲಿ ಕನ್ನಡ ಆಡದ ಮಕ್ಕಳ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ತುಳು, ಕೊಂಕಣಿ, ಬ್ಯಾರಿ, ಉರ್ದು, ತೆಲುಗು, ಲಂಬಾಣಿ ಆಡುವ ಮನೆಗಳಿಂದ ಬರುವ ಮಕ್ಕಳು ಕನ್ನಡದ ತರಗತಿಯಲ್ಲಿ ಬಾಯಿ ಬಿಗಿದುಕೊಂಡಿರುವುದುಂಟು. ಹಾಡಿನಲ್ಲಿ ಅವರ ಮನೆಯ ಒಂದು ಮಾತಿಗೆ, ಅಜ್ಜಿ ಮಗುವನ್ನು ಕರೆಯುವ ಒಂದು ಮುದ್ದಿನ ಹೆಸರಿಗೆ ಜಾಗ ಸಿಕ್ಕರೆ ಆ ಬಿಗಿತ ಸಡಿಲವಾದೀತು. ತಾಂಡಾದ ಹುಡುಗಿ ತನ್ನ ಭಾಷೆಯ ಹಾಡಿನ ಧಾಟಿಯನ್ನು ಗುನುಗಿ, ಉಳಿದವರು ಅದಕ್ಕೆ ಕನ್ನಡದ ಮಾತು ಹೊಂದಿಸಿದರೆ, ಆ ದಿನ ಮೇಷ್ಟ್ರು ಅವಳೇ.

ಹಾರ್ಮೋನಿಯಂ ಬೇಡ

ಎಲ್ಲ ಶಾಲೆಗಳಲ್ಲೂ ಸಂಗೀತದ ಶಿಕ್ಷಕರಿಲ್ಲ, ಇದನ್ನೆಲ್ಲ ಯಾರು ಕಲಿಸಬೇಕು ಎಂಬ ಆಕ್ಷೇಪ ಬರುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೂ ಕಲೆ ಎಲ್ಲ ಮಕ್ಕಳಿಗೂ ಬೇಕು ಎಂದಿತು. 2020ರ ಶಿಕ್ಷಣ ನೀತಿ ಪಾಠದೊಳಗೇ ಕಲೆಯನ್ನು ಬೆರೆಸಿ ಎಂದಿತು. ಕಾಗದದ ಮಾತು ಕಾಗದದಲ್ಲಿರಲಿ. ಹಾಡು ಕಟ್ಟಿಸಲು ಸಂಗೀತ ವಿದ್ವಾಂಸರು ಬೇಡ. ಕಿವಿಯುಳ್ಳ ಕನ್ನಡ ಮೇಷ್ಟ್ರು ಸಾಕು. ಧಾಟಿಯನ್ನು ಎರವಲು ತರುವುದು ಹಳೆಯ ರೂಢಿ. ಕಂಪನಿ ನಾಟಕದ ಹಾಡಿನ ಪುಸ್ತಕಗಳಲ್ಲಿ, ಭಜನೆಯ ಪುಸ್ತಕಗಳಲ್ಲಿ ಇಂಥ ಹಾಡಿನ ಮಟ್ಟು ಎಂದು ಮೇಲೆ ಅಚ್ಚು ಹಾಕುತ್ತಿದ್ದರು. ಮಕ್ಕಳಿಗೆ ಗೊತ್ತಿರುವ ಕೋಲಾಟದ ಪದದ ಧಾಟಿಯೋ ಸೋಬಾನೆಯ ಧಾಟಿಯೋ ಇದ್ದರೆ ಅದೇ ಸಾಕು.

ವಾದ್ಯವೂ ಬೇಡ. ಜರ್ಮನಿಯ ಸಂಗೀತಗಾರ ಕಾರ್ಲ್ ಓರ್ಫ್ 1924ರಿಂದ ಮ್ಯೂನಿಕ್ಕಿನಲ್ಲಿ ಡೊರೋಥೆ ಗುಂಟರ್ ಜೊತೆ ನಡೆಸಿದ ಶಾಲೆಯಲ್ಲಿ ಶುರುಮಾಡಿ, 1948ರಿಂದ ಬವೇರಿಯಾ ರೇಡಿಯೋದಲ್ಲಿ ಮಕ್ಕಳಿಗಾಗಿ ಬೆಳೆಸಿದ ಪದ್ಧತಿಯಲ್ಲಿ ಮಾತಿನ ಲಯ, ಚಪ್ಪಾಳೆ, ಕಾಲಿನ ಸಪ್ಪಳಗಳೇ ಮೊದಲ ವಾದ್ಯಗಳು. ಮಕ್ಕಳ ಹೆಸರುಗಳಿಂದಲೇ ಲಯದ ಪಾಠ ಹೊರಡುತ್ತದೆ. ಇದು ಕನ್ನಡಕ್ಕೂ ಒಪ್ಪುತ್ತದೆ. 'ಮಂಜುನಾಥ' ಮೂರು-ಮೂರು, 'ಗಿರಿಜ' ಬರೀ ಮೂರು, 'ಸಾವಿತ್ರಿ' ಐದು. ಬೆಳಗಿನ ಹಾಜರಿ ಕರೆಯುವುದೇ ಒಂದು ತಾಳದ ಪಾಠವಾಗಬಹುದು. ಕೈಗೆ ಸಿಕ್ಕ ಸಾಮಾನಿನಿಂದಲೂ ನಾದ ಹೊರಡಿಸಿ ರಂಗಸಂಗೀತ ಮಾಡುತ್ತಿದ್ದ ಬಿ.ವಿ. ಕಾರಂತರನ್ನು ಕಂಡ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಾಸದ ವಿಚಾರದಲ್ಲಿ ಮಾತ್ರ ಹುಷಾರಾಗಿರಬೇಕು. ಪ್ರಾಸ ಮಕ್ಕಳನ್ನು ಎಳೆದು ತರುತ್ತದೆ, ಆಮೇಲೆ ಕಟ್ಟಿಹಾಕುತ್ತದೆ. 'ಚಂದ' ಬಂದರೆ 'ಅಂದ' ಬರುತ್ತದೆ, ಹಿಂದೆಯೇ 'ಆನಂದ' ಬರುತ್ತದೆ, ಹೇಳಬೇಕಾದ ವಿಷಯ ಹೊರಟುಹೋಗುತ್ತದೆ. ಅಮೆರಿಕದ ಕವಿ ಕೆನೆತ್ ಕೋಕ್ 1968ರಲ್ಲಿ ನ್ಯೂಯಾರ್ಕಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳಿಗೆ ಕವಿತೆ ಬರೆಸಲು ಹೋದಾಗ ಪ್ರಾಸ ಬೇಡವೆಂದೇ ಹೇಳಿದರು. ಅದರ ಬದಲು ಪ್ರತಿ ಸಾಲನ್ನೂ ಒಂದೇ ಮಾತಿನಿಂದ ಶುರು ಮಾಡಿಸಿದರು. ನನಗೆ ಇಂಥದು ಬೇಕು ಎಂದು ಪ್ರತಿ ಮಗುವೂ ಒಂದೊಂದು ಸಾಲು. ಎಲ್ಲರ ಚೀಟಿಗಳನ್ನು ಕೂಡಿಸಿ ಓದಿದರೆ ತರಗತಿಯ ಕವಿತೆ ಸಿದ್ಧ. ಆ ಅನುಭವವನ್ನು ಅವರು 1970ರಲ್ಲಿ ಪುಸ್ತಕವಾಗಿ ಬರೆದರು. ಹಾಡಿಗೆ ಕೋಕ್ ಅವರ ಮಾತು ಪೂರ್ತಿ ಅನ್ವಯಿಸದು, ಹಾಡಿಗೆ ಮರುಕಳಿಸುವ ಧ್ವನಿ ಬೇಕೇ ಬೇಕು. ಆದರೆ ಮರುಕಳಿಸಲು ಬೇರೆ ದಾರಿಗಳೂ ಇವೆ. ಪಲ್ಲವಿಯಿದೆ. ಒಂದೇ ಅಕ್ಷರದಿಂದ ಎತ್ತಿಕೊಳ್ಳುವ ಮಾತುಗಳಿವೆ. ಹಳಗನ್ನಡದ ಕವಿಗಳು ಸಾಲಿನ ಕೊನೆಗಿಂತ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಇಡುತ್ತಿದ್ದರು. ಅದು ದೊಡ್ಡ ತರಗತಿಯ ಮಕ್ಕಳಿಗೆ ಒಳ್ಳೆಯ ಆಟ.

ಇನ್ನು ಪಾಲಕರ ಕೈ. ವಿಜ್ಞಾನದ ಮಾದರಿಯೆಂದು ಥರ್ಮೋಕೋಲು ಕತ್ತರಿಸಿ ರಾತ್ರಿಯೆಲ್ಲ ಅಂಟಿಸುವವರು ಅಪ್ಪ ಅಮ್ಮಂದಿರೇ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಹಾಡಿಗೂ ಅದೇ ಗತಿ ಬಂದರೆ ಶುರು ಮಾಡದಿರುವುದೇ ಲೇಸು. ಮಗು ಕಟ್ಟಿದ ಸಾಲನ್ನು ಕೇಳಿ ಅಪ್ಪ ತಾಳ ಹಾಕಬಹುದು, ಅಮ್ಮ ತನ್ನ ಊರಿನ ಹಾಡಿನ ಧಾಟಿಯೊಂದನ್ನು ಹೇಳಿಕೊಡಬಹುದು. ಪದ ಹುಡುಕಿಕೊಡಬಾರದು. ಬಂದವರ ಮುಂದೆ "ಹಾಡು ಪುಟ್ಟಾ" ಎಂದು ಎಬ್ಬಿಸಿ ನಿಲ್ಲಿಸುವುದೂ ಬೇಡ. ಸ್ಪರ್ಧೆ, ಪ್ರಮಾಣಪತ್ರ, ಪದಕ ಇವೆಲ್ಲ ಬಂದ ದಿನ ಮಕ್ಕಳು ಬಸ್ಸಿನ ಡ್ರೈವರನ್ನು ಬಿಟ್ಟು ಮತ್ತೆ 'ಚಂದ-ಅಂದ'ಕ್ಕೆ ಹೋಗುತ್ತಾರೆ, ಯಾಕೆಂದರೆ ತೀರ್ಪುಗಾರರಿಗೆ ಯಾವುದು ಹಿಡಿಸುತ್ತದೆಂದು ಅವರು ಬಹಳ ಬೇಗ ಕಲಿತುಬಿಡುತ್ತಾರೆ. ಒಂದು ದೊಡ್ಡ ನೋಟ್‌ಬುಕ್ಕು ತರಗತಿಯ ಕಪಾಟಿನಲ್ಲಿದ್ದು, ಕಟ್ಟಿದ ಹಾಡನ್ನು ತಾರೀಖು ಹಾಕಿ ಅದರಲ್ಲಿ ಬರೆದಿಟ್ಟರೆ ಸಾಕು. ಮುಂದಿನ ವರ್ಷ ಬರುವ ಮಕ್ಕಳು ತೆಗೆದು ನೋಡುತ್ತಾರೆ, ಇದಕ್ಕಿಂತ ಚೆನ್ನಾಗಿ ನಾವು ಕಟ್ಟುತ್ತೇವೆ ಅನ್ನುತ್ತಾರೆ.

ಕೆಂಪು ಬಸ್ಸಿನ ಹಾಡಿನ ಎರಡನೆಯ ನುಡಿಯನ್ನು ಓದುವ ವಿದ್ಯಾರ್ಥಿಗಳೇ ಮುಗಿಸಬಹುದು. ಮೂರು ಸಾಲು ಹೀಗಿವೆ:

ಶಾಲೆ ಗಂಟೆ ಬಾರಿಸಿತ್ತು
ನಾನು ಬಂದೆ ನಡೆದು
ಮೇಷ್ಟ್ರು ಕೇಳಿದಾಗ ಯಾಕೆ

ನಾಲ್ಕನೆಯ ಸಾಲಿಗೆ ಒಂಬತ್ತು ಮಾತ್ರೆ ಬೇಕು, ಮೂರು-ಮೂರಾಗಿ. ತಡವಾಗಿ ಬಂದ ಹುಡುಗ ಏನು ಮಾಡಿದ, ಏನು ಹೇಳಿದ ಎಂಬುದು ಅದರಲ್ಲಿ ಬರಬೇಕು. ಡೆಸ್ಕು ಬಡಿದು ನೋಡಿ. ಕೊನೆಯಲ್ಲಿ 'ನಡೆದು' ಎಂಬುದಕ್ಕೆ ಹೊಂದುವ ಮಾತು ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ನಡೆದೀತು.